ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್: ಕೆಲಸ, ನಿಯಂತ್ರಣ, ತಪಾಸಣೆ

ಡೀಸೆಲ್ ಎಂಜಿನ್ನಿನ ಗಾಳಿ ಒಳಬರುವ ದಾರಿಯಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಎಂಜಿನ್ನಿನಂತಹ ತಡೆ ಇರುವುದಿಲ್ಲವಾದ್ದರಿಂದ, ಆಕ್ಸಿಲರೇಟರ್ ಬಿಟ್ಟ ಮಾತ್ರಕ್ಕೆ ಭಾರದ ಲಾರಿಯ ವೇಗ ಸಾಕಷ್ಟು ತಗ್ಗುವುದಿಲ್ಲ. ಎಕ್ಸಾಸ್ಟ್ ಬ್ರೇಕ್ ಈ ಕೊರತೆಯನ್ನು ತುಂಬುತ್ತದೆ. ಹೊಗೆ ಹೊರಹೋಗುವ ಕೊಳವೆಯಲ್ಲಿರುವ ತಟ್ಟೆಯಾಕಾರದ ವಾಲ್ವ್ ಮುಚ್ಚಿಕೊಂಡಾಗ ಒಳಗೆ ಒತ್ತಡ ಏರಿ, ಪಿಸ್ಟನ್‌ಗಳು ಅದರ ವಿರುದ್ಧ ದುಡಿಯಬೇಕಾಗುತ್ತದೆ. ಆ ಪ್ರತಿರೋಧ ಗೇರ್‌ಬಾಕ್ಸ್ ಮೂಲಕ ಚಾಲಕ ಚಕ್ರಗಳನ್ನು ನಿಧಾನಗೊಳಿಸುತ್ತದೆ.

ವಾಲ್ವ್ ಯಾವಾಗ ಮುಚ್ಚಬೇಕೆಂಬುದನ್ನು ನಿರ್ಧರಿಸುವುದು ಕಂಟ್ರೋಲರ್. ಚಾಲಕ ಸ್ವಿಚ್ ಹಾಕಿದ್ದರೂ, ಆಕ್ಸಿಲರೇಟರ್ ಅಥವಾ ಕ್ಲಚ್ ತುಳಿದಿದ್ದರೆ, ಇಲ್ಲವೇ ಎಂಜಿನ್ ವೇಗ ತೀರಾ ಕುಸಿದಿದ್ದರೆ, ಅದು ವಾಲ್ವನ್ನು ತೆರೆದೇ ಇಡುತ್ತದೆ. ಅನೇಕ ವಾಹನಗಳಲ್ಲಿ ಚಕ್ರ ಜಾರುವ ಸೂಚನೆ ಸಿಕ್ಕೊಡನೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಕೂಡ ಅದನ್ನು ಬಿಡಿಸುತ್ತದೆ. ಹಾಗಿದ್ದರೂ ಒದ್ದೆ ರಸ್ತೆಯಲ್ಲಿ, ಅದರಲ್ಲೂ ಖಾಲಿ ಲಾರಿಯಲ್ಲಿ, ಸ್ವಿಚ್ ಆರಿಸಿಡುವುದೇ ಕ್ಷೇಮವೆಂದು ನಾನು ಒತ್ತಿ ಹೇಳುತ್ತೇನೆ.

ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು, ಆದರೆ ಮೀಟರಿನ ಕೆಂಪು ಗೆರೆ ದಾಟಬಾರದು. ಪೂರ್ತಿ ನಿಲ್ಲಿಸಲು ಕಾಲಿನ ಬ್ರೇಕ್ ಬೇಕೇ ಬೇಕು.

ಮಸಿ ಕಟ್ಟಿ ವಾಲ್ವಿನ ದಂಡ ಬಿಗಿಯಾಗುವುದು ಸಾಮಾನ್ಯ ದೋಷ. ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಎಳೆತ ಕುಗ್ಗಿ ಕಪ್ಪು ಹೊಗೆ ಬರುತ್ತದೆ. ಎಂಜಿನ್ ಆರಿಸಿ, ಕೊಳವೆ ತಣ್ಣಗಾದ ಮೇಲೆ, ವಾಲ್ವನ್ನು ತಿರುಗಿಸುವ ಲಿವರ್ ತಡೆಯಿಲ್ಲದೆ ಕೊನೆಯವರೆಗೆ ಸರಿದು ಸ್ಪ್ರಿಂಗಿನ ಬಲದಿಂದ ಚುರುಕಾಗಿ ಹಿಂದಿರುಗುತ್ತದೆಯೇ ಎಂದು ನೋಡಿ. ಲಿವರ್ ಸರಾಗವಾಗಿದ್ದೂ ಬ್ರೇಕ್ ಹಿಡಿಯದಿದ್ದರೆ ಫ್ಯೂಸ್, ಪೆಡಲ್ ಸ್ವಿಚ್, ವಾಲ್ವ್ ಮುಚ್ಚಿಸುವ ಗಾಳಿಯ ಸೋರಿಕೆಗಳನ್ನು ಪರೀಕ್ಷಿಸಿ.