ಯಜಮಾನನೂ ಆಜ್ಞೆಯ ಕೆಳಗೆ

ದಾವಣಗೆರೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಮದುವೆ ಗೊತ್ತಾದ ಹುಡುಗ ಹುಡುಗಿಯನ್ನು ಕೂರಿಸಿಕೊಂಡು ಬೈಬಲ್ ವಾಕ್ಯ ಹೇಳಿಕೊಡುವ ಕೆಲಸ ನನ್ನದೂ ನನ್ನ ಹೆಂಡತಿಯದೂ. ಹುಡುಗರಿಗೆ ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಬಾಯಿಪಾಠ: ಪುರುಷನು ಹೆಂಡತಿಗೆ ಶಿರಸ್ಸು. ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟಂತೆ ಪ್ರೀತಿಸು ಎಂಬ ಮುಂದಿನ ಮಾತಿಗೆ ಬರುವಷ್ಟರಲ್ಲಿ ದನಿ ಇಳಿಯುತ್ತದೆ. ಅದಕ್ಕೇ ನಾವು ಮೋಶೆಯ ಧರ್ಮಶಾಸ್ತ್ರದಿಂದ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳಿಂದ, ಶುರುಮಾಡುತ್ತೇವೆ. ಶಿರಸ್ಸಾದವನ ಅಧಿಕಾರ ಎಲ್ಲಿಯವರೆಗೆ ಎಂಬುದು ಅಲ್ಲಿದೆ. ನಮ್ಮ ಸಂಸಾರ ಕಟ್ಟಿದ್ದೂ ಅದರ ಮೇಲೆಯೇ.

ಅವುಗಳಲ್ಲೊಂದಾದ ಧರ್ಮೋಪದೇಶಕಾಂಡದ 17ನೇ ಅಧ್ಯಾಯದಲ್ಲಿ ಅರಸನಿಗೆ ಒಂದು ಕಟ್ಟಳೆಯಿದೆ. ಧರ್ಮಶಾಸ್ತ್ರದ ಪ್ರತಿ ಇಟ್ಟುಕೊಂಡು ಬದುಕಿರುವಷ್ಟು ದಿನ ಓದಬೇಕು, ತನ್ನ ಸಹೋದರರಿಗಿಂತ ಮೇಲೆಂದು ಬೀಗಬಾರದು. ಅರಸನಿಗೇ ಈ ಕಟ್ಟು ಇದ್ದಮೇಲೆ ಎರಡು ಕೋಣೆಯ ಬಾಡಿಗೆ ಮನೆಯ ಯಜಮಾನನಿಗೆ ಬೇಡವೇ? ಆದ್ದರಿಂದ ಕುಟುಂಬ ಪ್ರಾರ್ಥನೆಯಲ್ಲಿ ನಾನೊಬ್ಬನೇ ಓದುವ ಪದ್ಧತಿ ಇಟ್ಟುಕೊಳ್ಳಲಿಲ್ಲ. ಸರದಿಯ ಮೇಲೆ ಎಲ್ಲರೂ ಓದುತ್ತಿದ್ದೆವು. ಮಕ್ಕಳು ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕಿತ್ತು.

ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾರೂ ಪ್ರಸಂಗ ಮಾಡದ ಅರಣ್ಯಕಾಂಡ 30. ಹೆಂಡತಿ ದೇವರಿಗೆ ಹರಕೆ ಹೊತ್ತರೆ ಗಂಡ ಅದನ್ನು ರದ್ದುಮಾಡಬಹುದು, ಆದರೆ ಕೇಳಿದ ದಿನವೇ. ಆ ದಿನ ಸುಮ್ಮನಿದ್ದರೆ ಹರಕೆ ನಿಂತಿತು. ಆಮೇಲೆ ಮುರಿದರೆ ದೋಷ ಅವನ ಮೇಲೆ. ನನ್ನವಳು ಹೊಲಿಗೆಯಿಂದ ಬರುವ ದುಡ್ಡಿನಲ್ಲಿ ಒಂದು ಪಾಲು ತಂದೆಯಿಲ್ಲದ ಹುಡುಗಿಯೊಬ್ಬಳ ಓದಿಗೆ ಕೊಡುತ್ತೇನೆ ಎಂದು ಹರಕೆ ಹೊತ್ತಳು. ಅವತ್ತೇ ರಾತ್ರಿ ಬಾಡಿಗೆ, ರೇಷನ್, ಚೀಟಿ ಎಲ್ಲ ಲೆಕ್ಕ ಹಾಕಿದೆವು. ನಾನು ಬೇಡವೆನ್ನಲಿಲ್ಲ. ಮುಂದೆ ಕೈ ಬಿಗಿಯಾದಾಗ ನಮ್ಮವ್ವ, "ಈ ವರ್ಷ ನಿಲ್ಲಿಸಾಕೆ ಹೇಳಪ್ಪ" ಎಂದಳು. "ಅವತ್ತು ಸುಮ್ನಿದ್ದೆನವ್ವ. ಈಗ ಬಾಯಿ ಬಿಟ್ರೆ ದೋಷ ನನ್ನ ತಲಿಗೆ" ಎಂದೆ. ಆ ಹುಡುಗಿ ಓದು ಮುಗಿಸಿದಳು. ಇದು ಗಂಡಸಿಗೇ ಅಧಿಕಾರ ಕೊಟ್ಟ ಅಧ್ಯಾಯವಲ್ಲವೇ ಎಂದು ಹುಡುಗಿಯರು ಕೇಳುತ್ತಾರೆ, ಕೇಳಲೇಬೇಕು. ನನ್ನವಳ ಉತ್ತರ: "ಅಧಿಕಾರ ಐತಿ. ಹೊತ್ತು ಮುಳುಗಿದ ಮೇಲೆ ಇಲ್ಲ."

ಮೊಂಡ ಮಗನ ವಿಷಯವೂ ಹಾಗೆಯೇ. ಧರ್ಮೋಪದೇಶಕಾಂಡ 21 ಅವನಿಗೆ ಹೇಳುವ, ಕಲ್ಲೆಸೆದು ಕೊಲ್ಲುವ ಶಿಕ್ಷೆಯನ್ನು ನಾವು ಇಂದು ನಡೆಸುವುದಿಲ್ಲ, ನಡೆಸಕೂಡದು. ಆದರೆ ಅಲ್ಲಿಯೂ ತಂದೆ ಒಬ್ಬನೇ ತೀರ್ಪು ಕೊಡುವಂತಿಲ್ಲ. ತಂದೆತಾಯಿ ಇಬ್ಬರೂ ಸೇರಿ ಊರಬಾಗಿಲಿನ ಹಿರಿಯರ ಮುಂದೆ ಹೋಗಬೇಕು. ನಮ್ಮ ಮಗ ಕಾಲೇಜು ಬಿಡುತ್ತೇನೆಂದು ಹಟ ಹಿಡಿದಾಗ ಮೂವರೂ ಸಭೆಯ ಹಿರಿಯರೊಬ್ಬರ ಮನೆಗೆ ಹೋದೆವು. ಅವನ ಮಾತನ್ನು ಪೂರ್ತಿ ಕೇಳಿ ಐಟಿಐಗೆ ಸೇರಿಸಿದೆವು.

ಅವನಿಗೆ ಚಿತ್ರದುರ್ಗದ ಕಡೆಯ ಸಂಬಂಧ ಬಂದಾಗ ಬೀಗರು, "ನಿಮ್ಮ ಬೇಡಿಕೆ ಏನೈತಿ ಹೇಳ್ರಿ" ಎಂದರು. ವಿಮೋಚನಕಾಂಡ 22 ತೆಗೆದು ತೋರಿಸಿದೆ. ಅಲ್ಲಿ ತೆರ, ಅಂದರೆ ಹೆಣ್ಣಿನ ಮನೆಗೆ ಸಲ್ಲುವ ಹಣ, ಕೊಡುವವನು ಗಂಡು. ಕೇಳುವ ಹಕ್ಕು ನಮಗೆಲ್ಲಿಂದ ಬಂತು? ವರದಕ್ಷಿಣೆಯನ್ನು ದೇಶದ ಕಾನೂನೂ 1961ರಲ್ಲೇ ನಿಷೇಧಿಸಿದೆ. ಮಗಳ ಮದುವೆಯಾದಾಗ ನೆಂಟರೊಬ್ಬರು ಅವಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಿ ಎಂದಿದ್ದರು. ನಾನು ಒಪ್ಪಲಿಲ್ಲ. ಅರಣ್ಯಕಾಂಡ 27ರಲ್ಲಿ ಚಲ್ಪಹಾದ ಎಂಬವನ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತೀರಿಕೊಂಡ ತಂದೆಯ ಪಾಲು ಕೇಳಿದಾಗ ಅವರು ಕೇಳುವುದು ನ್ಯಾಯ ಎಂದವನು ದೇವರೇ. ಅದು ಗಂಡುಮಕ್ಕಳಿಲ್ಲದ ಮನೆಯ ಮಾತು, ನಿಜ. ಆದರೆ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಮಗ ಮಗಳಿಗೆ ಸಮಪಾಲು.

ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಯುದ್ಧಕ್ಕೆ ಕಳಿಸಬಾರದು, ಬೇರೆ ಹೊರೆಯನ್ನೂ ಹೊರಿಸಬಾರದು, ಅವನು ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲಿ ಎನ್ನುತ್ತದೆ ಧರ್ಮೋಪದೇಶಕಾಂಡ 24:5. ಕ್ರಿಸ್‌ಮಸ್ ಕಮಿಟಿಯಲ್ಲಿ ಬರೆದುಕೊಂಡಿದ್ದ ಮಗನ ಹೆಸರನ್ನು ಪಾಸ್ಟರಿಗೆ ಹೇಳಿ ತೆಗೆಸಿದೆ. ಸಂಜೆ ಇಬ್ಬರೂ ಬೆಣ್ಣೆದೋಸೆ ತಿನ್ನಲು ಹೊರಟರೆ ಮನೆಯಲ್ಲಿ ಯಾರೂ ಎಲ್ಲಿಗೆಂದು ಕೇಳುತ್ತಿರಲಿಲ್ಲ. ಈಗ ನಮ್ಮ ಹತ್ತಿರ ಬರುವ ಪ್ರತಿ ಹುಡುಗನ ತಂದೆತಾಯಿಯನ್ನೂ ಕರೆಸಿ ಕೇಳುತ್ತೇವೆ: ಮೊದಲ ವರ್ಷ ಇವನ ಹೆಗಲಿಗೆ ಏನೇನು ಹೊರಿಸಬೇಕೆಂದಿದ್ದೀರಿ, ಅದರಲ್ಲಿ ಯಾವುದನ್ನು ಇಳಿಸುತ್ತೀರಿ?