ಯೀಸ್ಟ್ ಜೀನ್‌ಗಳ ಡೇಟಾಬೇಸನ್ನು ನಾನು ಓದುವ ಬಗೆ

ಬಿಸಿ ಹೆಚ್ಚಾದಾಗ ಬೆಳವಣಿಗೆ ಕುಂಠಿತವಾಗುವ ಯೀಸ್ಟ್ ತಳಿಗಳನ್ನು ಹುಡುಕುವ ಪ್ರಯೋಗ ಮುಗಿದಾಗ ನನ್ನ ಕೈಗೆ ಸಿಗುವುದು ಜೀನ್‌ಗಳ ಉದ್ದನೆಯ ಪಟ್ಟಿ. ಅದರಲ್ಲಿ ಯಾವುದರ ಬೆನ್ನು ಹತ್ತಬೇಕು ಎಂಬುದನ್ನು ನಾನು ನಿರ್ಧರಿಸುವುದು ಸ್ಯಾಕರೋಮೈಸಿಸ್ ಜೀನೋಮ್ ಡೇಟಾಬೇಸ್‌ನಲ್ಲಿ ಆಯಾ ಜೀನಿನ ಪುಟವನ್ನು ಓದಿದ ಮೇಲೆಯೇ.

ಮೊದಲ ಕೆಲಸ, ಪಟ್ಟಿಯಲ್ಲಿರುವ ರೂಢಿಯ ಹೆಸರುಗಳನ್ನೆಲ್ಲ ವ್ಯವಸ್ಥಿತ ಹೆಸರುಗಳಿಗೆ ಬದಲಾಯಿಸುವುದು. ಬೇರೆ ಬೇರೆ ಪ್ರಯೋಗಾಲಯಗಳು ಒಂದೇ ಜೀನಿಗೆ ಬೇರೆ ಬೇರೆ ಹೆಸರಿಟ್ಟ ಉದಾಹರಣೆಗಳು ಬಹಳ; ಮೆಟ್-15, ಮೆಟ್-17, ಮೆಟ್-25 ಎಂದು ಹಳೆಯ ಪ್ರಬಂಧಗಳಲ್ಲಿ ಕಾಣುವ ಮೂರೂ ವೈಎಲ್‌ಆರ್303ಡಬ್ಲ್ಯೂ ಎಂಬ ಒಂದೇ ಜೀನು. ಯೀಸ್ಟಿನ ಹನ್ನೆರಡನೆಯ ವರ್ಣತಂತುವಿನ ಬಲತೋಳಿನಲ್ಲಿ, ಎರಡು ತೋಳುಗಳು ಸೇರುವ ಸೆಂಟ್ರೊಮಿಯರ್‌ನಿಂದ ಎಣಿಸಿದಾಗ 303ನೆಯದು, ಡಿಎನ್‌ಎಯ ಎರಡು ಎಳೆಗಳಲ್ಲಿ ವಾಟ್ಸನ್ ಎಂದು ಕರೆಯುವ ಎಳೆಯ ಮೇಲಿರುವುದು ಎಂಬಷ್ಟೂ ವಿವರ ಆ ಹೆಸರಿನಲ್ಲೇ ಅಡಗಿದೆ.

ಪುಟದ ಮೇಲ್ಭಾಗದ ಸಾರಾಂಶ ಚೊಕ್ಕವಾಗಿರುತ್ತದೆ, ಆದರೆ ನಾನು ಅಲ್ಲಿಗೆ ನಿಲ್ಲುವುದಿಲ್ಲ. ಪ್ರತಿಯೊಂದು ಕಾರ್ಯವಿವರಣೆಯ ಪಕ್ಕದಲ್ಲಿ ಸಾಕ್ಷ್ಯದ ಸಂಕೇತವಿದ್ದು, ಆ ಹೇಳಿಕೆ ನೇರ ಪ್ರಯೋಗದಿಂದ ಬಂದದ್ದೋ, ರೂಪಾಂತರಿತ ತಳಿಯ ವರ್ತನೆಯಿಂದ ಊಹಿಸಿದ್ದೋ, ಕೇವಲ ಡಿಎನ್‌ಎ ಅಥವಾ ಪ್ರೋಟೀನ್ ಅನುಕ್ರಮದ ಹೋಲಿಕೆಯಿಂದ ಕಂಪ್ಯೂಟರ್ ಹಚ್ಚಿದ್ದೋ ಎಂಬುದನ್ನು ಅದು ತಿಳಿಸುತ್ತದೆ. ಕೊನೆಯ ಬಗೆಯದನ್ನು ನಾನು ಪ್ರಶ್ನೆಯಾಗಿ ಮಾತ್ರ ಸ್ವೀಕರಿಸುತ್ತೇನೆ. ಮೊದಲೆರಡಾದರೆ ಮೂಲ ಪ್ರಬಂಧವನ್ನೇ ತೆರೆದು ನೋಡುತ್ತೇನೆ; ಈ ಕೊಂಡಿಗಳನ್ನು ಸಂಪಾದಕರು ಪ್ರಬಂಧಗಳನ್ನು ಓದಿ ಜೋಡಿಸಿಟ್ಟಿರುವುದೇ ಈ ಡೇಟಾಬೇಸ್‌ನ ನಿಜವಾದ ಸಂಪತ್ತು ಎಂದು ನಾನು ನಂಬುತ್ತೇನೆ.

ನೆರೆಯ ಜೀನ್‌ಗಳನ್ನು ನೋಡದೆ ಯಾವ ತೀರ್ಮಾನಕ್ಕೂ ಬರುವುದಿಲ್ಲ. ಸುಮಾರು 1.2 ಕೋಟಿ ಬೇಸ್ ಜೋಡಿಗಳಷ್ಟು (ಡಿಎನ್‌ಎಯ ಅಕ್ಷರಜೋಡಿಗಳಷ್ಟು) ಉದ್ದದ ಜೀನೋಮಿನಲ್ಲಿ ಆರು ಸಾವಿರದಷ್ಟು ಜೀನ್‌ಗಳು ಒತ್ತಾಗಿ ಕುಳಿತಿರುವುದರಿಂದ, ಒಂದನ್ನು ತೆಗೆದುಹಾಕಿದಾಗ ಪಕ್ಕದ್ದನ್ನು ಚಾಲೂ ಮಾಡುವ ಪ್ರಚೋದಕ ಭಾಗವೂ ಹೋಗಿರಬಹುದು. ‘ಸಂಶಯಾಸ್ಪದ’, ಅಂದರೆ ನಿಜವಾದ ಜೀನ್ ಅಲ್ಲದಿರಬಹುದು, ಎಂದು ಡೇಟಾಬೇಸ್ ಗುರುತಿಸಿದ ಜೀನೊಂದು ಬಲವಾದ ಪರಿಣಾಮ ತೋರಿದರೆ, ಅದರ ಮೇಲೆಯೇ ಹಾದುಹೋಗುವ ದೃಢಪಟ್ಟ ಜೀನ್ ಇದೆಯೇ ಎಂದು ವರ್ಣತಂತುವಿನ ನಕ್ಷೆಯಲ್ಲಿ ಪರಿಶೀಲಿಸುತ್ತೇನೆ.

ತಳಿಯ ವಿಚಾರ ಇನ್ನೂ ಸೂಕ್ಷ್ಮ. 1996ರಲ್ಲಿ ಜೀನೋಮ್ ಪೂರ್ಣವಾಗಿ ಓದಲ್ಪಟ್ಟದ್ದು, ಇಂದಿಗೂ ಡೇಟಾಬೇಸ್‌ಗೆ ಆಧಾರವಾಗಿರುವುದು ಎಸ್288ಸಿ ಎಂಬ ತಳಿ. ಅದರ ಫ್ಲೋ-8 ಜೀನ್ ಕೆಟ್ಟಿರುವುದರಿಂದ ಅದು ತಂತುರೂಪದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ಕೋಶಗಳು ಅಂಟಿಕೊಳ್ಳುವ ಅಥವಾ ತಂತುವಾಗುವ ಗುಣದ ಬಗ್ಗೆ ಓದುವಾಗ, ಆ ಫಲಿತಾಂಶ ತಂತುರೂಪದಲ್ಲಿ ಬೆಳೆಯಬಲ್ಲ ಸಿಗ್ಮಾ ಎಂಬ ತಳಿಯದೇ ಎಂದು ನೋಡಿಕೊಳ್ಳುತ್ತೇನೆ.

ನನ್ನ ಫಲಿತಾಂಶ ಪುಟದಲ್ಲಿರುವುದಕ್ಕೆ ಹೊಂದದಿದ್ದರೆ, ವ್ಯವಸ್ಥಿತ ಹೆಸರು, ತಳಿಯ ಪೂರ್ಣ ಜೀನೋಟೈಪ್ (ಅದರಲ್ಲಿ ಯಾವ ಯಾವ ಜೀನ್‌ಗಳು ಬದಲಾಗಿವೆ ಎಂಬ ವಿವರ), ಬೆಳೆಸಿದ ಮಾಧ್ಯಮ ಮತ್ತು ಉಷ್ಣತೆ, ಪ್ರಕಟವಾದ ಪ್ರಬಂಧದ ವಿವರ ಇಷ್ಟನ್ನೂ ಸೇರಿಸಿ ಸಂಪಾದಕರಿಗೆ ಬರೆಯುತ್ತೇನೆ. ಜೀನಿಗೆ ಹೊಸ ಹೆಸರು ಕೊಡುವುದಿದ್ದರೆ ಪ್ರಬಂಧ ಅಚ್ಚಾಗುವ ಮೊದಲೇ ಅಲ್ಲಿ ಕಾಯ್ದಿರಿಸುತ್ತೇನೆ.