ಕಕ್ಕಸು ಗುಂಡಿಯ ನಾತ ಮನೆಯೊಳಗೆ ಬಾರದಿರಲು

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ಕೋಲಾರದ ನಮ್ಮ ಬಡಾವಣೆಯಲ್ಲಿ ಮನೆಮನೆಯಿಂದಲೂ ಒಂದೇ ದೂರು ಕೇಳಿಬರುತ್ತದೆ: ಬಚ್ಚಲಿನಲ್ಲಿ ನಾತ. ಒಳಚರಂಡಿ ತಲುಪದ ಕಡೆ ಪ್ರತಿ ಮನೆಯ ಅಂಗಳದಡಿಯಲ್ಲೋ ಗೇಟಿನ ಪಕ್ಕದಲ್ಲೋ ಒಂದು ಸೆಪ್ಟಿಕ್ ಟ್ಯಾಂಕ್ ಇದ್ದೇ ಇರುತ್ತದೆ. ನಾತ ಬಂದೊಡನೆ ಜನ ಅಂಗಡಿಗೆ ಓಡಿ ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪೌಡರ್ ತಂದು ಸುರಿಯುತ್ತಾರೆ. ಎರಡು ದಿನ ಮೂಗಿಗೆ ಸಮಾಧಾನ, ಆಮೇಲೆ ಮೊದಲಿಗಿಂತ ಹೆಚ್ಚು. ಹಣವೂ ಹೋಗುತ್ತದೆ, ಗುಂಡಿಯೂ ಕೆಡುತ್ತದೆ. ಇದನ್ನು ನೋಡಿ ನೋಡಿ ಸಂಕಟವಾಗಿ, ನನಗೆ ತಿಳಿದಿರುವುದನ್ನು ಬರೆಯುತ್ತಿದ್ದೇನೆ.

ಸುರಿಯುವ ಮೊದಲು ಹುಡುಕಿ. ನಾತ ಬಚ್ಚಲಿನೊಳಗೆ ಮಾತ್ರ ಇದೆಯೇ, ಅಂಗಳದಲ್ಲಿದೆಯೇ, ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಬರುತ್ತದೆಯೇ? ಒಳಗಿನ ನಾತಕ್ಕೂ ಹೊರಗಿನದಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಒಳಗೆ ಮಾತ್ರ ಇದ್ದರೆ ಬಹಳ ಸಲ ತಪ್ಪು ಗುಂಡಿಯದಲ್ಲ. ಬಚ್ಚಲ ನೆಲದ ಜಾಲರಿಯ ಕೆಳಗೆ ಬಾಗಿದ ಭಾಗವೊಂದಿದೆ. ಪ್ಲಂಬರ್‌ಗಳು ಅದಕ್ಕೆ ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿ ಎರಡು ಅಂಗುಲದಷ್ಟು ನೀರು ಸದಾ ನಿಂತಿರಬೇಕು. ಆ ನೀರೇ ಗುಂಡಿಯ ಗಾಳಿಗೂ ನಮ್ಮ ಮನೆಗೂ ನಡುವಿನ ಬಾಗಿಲು. ನೆಂಟರಿಗೆಂದು ಕಟ್ಟಿಸಿ ಬಳಸದೆ ಬಿಟ್ಟ ಬಚ್ಚಲಿನಲ್ಲಿ, ಬೇಸಿಗೆ ರಜೆಗೆ ಬೀಗ ಹಾಕಿ ಬೆಂಗಳೂರಿನ ಮಗನ ಮನೆಗೆ ಹೋದಾಗ, ಆ ನೀರು ಆರಿಹೋಗುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ಸಾಕು. ತಿಂಗಳುಗಟ್ಟಲೆ ಊರಿನಲ್ಲಿ ಇರುವುದಿಲ್ಲವಾದರೆ, ನೀರು ಹಾಕಿದ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ತೇಲಿ, ನೀರು ಬೇಗ ಆರದಂತೆ ತಡೆಯುತ್ತದೆ. ಕಮೋಡಿಗೂ ಇದೇ ಮಾತು.

ಅಡುಗೆಮನೆಯ ಸಿಂಕಿನ ಕೆಳಗೂ ಬಗ್ಗಿ ನೋಡಿ. ಎಷ್ಟೋ ಮನೆಗಳಲ್ಲಿ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯನ್ನು ಗೋಡೆಯ ಪೈಪಿಗೆ ಸುಮ್ಮನೆ ತುರುಕಿರುತ್ತಾರೆ. ಬಾಗೂ ಇಲ್ಲ, ಸುತ್ತ ಮುಚ್ಚಿಗೆಯೂ ಇಲ್ಲ. ವಾಷಿಂಗ್ ಮೆಷಿನ್ನಿನ ಕೊಳವೆಯದೂ ಹಾಗೆಯೇ. ಸಿಂಕಿಗೆ ಬಾಗಿರುವ ಟ್ರ್ಯಾಪ್ ಹಾಕಿಸಿ, ಸಂದುಗಳಿಗೆ ರಬ್ಬರ್ ಬಳೆ ಕೂರಿಸಿ. ಕಮೋಡಿನ ಬುಡದಲ್ಲಿ ಸದಾ ತೇವವಿದ್ದರೆ ಅಲ್ಲಿ ಸೀಲು ಬಿಟ್ಟಿದೆ ಎಂದರ್ಥ; ಅದನ್ನು ಬಿಚ್ಚಿಯೇ ಸರಿಮಾಡಿಸಬೇಕು. ಮೇಲೆ ಸಿಮೆಂಟ್ ಬಳಿದರೆ ಪ್ರಯೋಜನವಿಲ್ಲ.

ನಮ್ಮ ಜಿಲ್ಲೆಯ ಕೊಳವೆಬಾವಿ ನೀರು ಗಡಸು. ಕಮೋಡಿನ ಒಳಗೋಡೆಗೆ ಹಳದಿ ಪೊರೆ ಕಟ್ಟಿ, ಮೂತ್ರದ ವಾಸನೆ ಅದರಲ್ಲೇ ಉಳಿದುಬಿಡುತ್ತದೆ. ಅಂಗಡಿಯ ಕಟು ಆಸಿಡ್ ಬೇಡ. ಎರಡು ಮೂರು ಚಮಚ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್ ಪುಡಿ) ಬಿಸಿನೀರಿನಲ್ಲಿ ಕರಗಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಉಜ್ಜಿ. ಆದರೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಇದನ್ನಾಗಲಿ, ಯಾವುದೇ ಆಸಿಡನ್ನಾಗಲಿ ಹಾಕಲೇಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಎದೆಗೆ ಹೊಕ್ಕರೆ ಆಸ್ಪತ್ರೆ ಸೇರಬೇಕಾಗುತ್ತದೆ.

ಇನ್ನು ಹೊರಗಿನ ನಾತ. ಒಲೆಗೆ ಹೊಗೆಗೂಡು ಹೇಗೋ, ಗುಂಡಿಗೆ ಗಾಳಿ ಕೊಳವೆ ಹಾಗೆ. ಗುಂಡಿಯಲ್ಲಿ ಕೊಳೆಯುವಾಗ ಹುಟ್ಟುವ ಅನಿಲ ಎಲ್ಲಾದರೂ ಹೊರಗೆ ಹೋಗಲೇಬೇಕು. ದಾರಿ ಕೊಡದಿದ್ದರೆ ಅದು ನಿಮ್ಮ ಬಚ್ಚಲನ್ನೇ ಹುಡುಕಿಕೊಂಡು ಬರುತ್ತದೆ. ಟ್ಯಾಂಕ್ ಮನೆಯಿಂದ 15 ಮೀಟರಿಗಿಂತ ಹತ್ತಿರವಿದ್ದರೆ ಕೊಳವೆ ಕಟ್ಟಡದ ನೆತ್ತಿಗಿಂತ 2 ಮೀಟರ್ ಮೇಲಕ್ಕೆ ಹೋಗಬೇಕು ಎನ್ನುತ್ತದೆ ಭಾರತೀಯ ಮಾನಕ. 30-40 ಅಡಿಯ ನಿವೇಶನದಲ್ಲಿ 15 ಮೀಟರ್ ದೂರ ಎಲ್ಲಿಂದ ಬರಬೇಕು? ಆದ್ದರಿಂದ ನಮ್ಮೆಲ್ಲರ ಕೊಳವೆಯೂ ತಾರಸಿ ದಾಟಲೇಬೇಕು. ಕಟ್ಟುವವರು ಪೈಪು ಉಳಿಸಲೆಂದು ಕಿಟಕಿಯ ಎತ್ತರಕ್ಕೇ ನಿಲ್ಲಿಸಿರುತ್ತಾರೆ. ಆಮೇಲೆ ಪಕ್ಕದ ಮನೆಯವರೊಡನೆ ಜಗಳ. ಪೈಪು ಏರಿಸಿ, ತುದಿಗೆ ಸೊಳ್ಳೆ ಜಾಲರಿ ಕಟ್ಟಿ. ವರ್ಷಕ್ಕೊಮ್ಮೆ ಎಲೆಯೋ ಕಣಜದ ಗೂಡೋ ಕಟ್ಟಿದೆಯೇ ನೋಡಿ. ಫ್ಲಶ್ ಮಾಡಿದಾಗ ನೆಲದ ಜಾಲರಿ ಗೊಳಗೊಳ ಎಂದರೆ ಮೊದಲು ಈ ಕೊಳವೆಯ ಮೇಲೆಯೇ ಅನುಮಾನ ಪಡಿ.

ಟ್ಯಾಂಕಿನೊಳಗೆ ಕೆಲಸ ಮಾಡುವವು ಕಣ್ಣಿಗೆ ಕಾಣದ ಜೀವಾಣುಗಳು. ಫಿನಾಯಿಲ್, ಬ್ಲೀಚಿಂಗ್ ಪೌಡರನ್ನು ಡಬ್ಬಿಗಟ್ಟಲೆ ಸುರಿದರೆ ಅವು ಸಾಯುತ್ತವೆ, ಮಲ ಜೀರ್ಣವಾಗದೆ ಕೂರುತ್ತದೆ. ತಿಂಗಳಿಗೊಂದು ಪೊಟ್ಟಣ ಪುಡಿ ಹಾಕಿ ಎಂದು ಮಾರುವವರ ಮಾತಿಗೂ ಮರುಳಾಗಬೇಡಿ. ದಿನಾ ಬಳಸುವ ಕಕ್ಕಸಿನಿಂದಲೇ ಸಾಕಷ್ಟು ಜೀವಾಣು ಇಳಿಯುತ್ತದೆ. ಹೊಸ ಟ್ಯಾಂಕಾದರೆ ಮಾತ್ರ ಮೊದಲು ನೀರು ತುಂಬಿಸಿ, ಹಳೆಯ ಕೊಳೆತ ಸಗಣಿಯನ್ನು ಸ್ವಲ್ಪ ಕದಡಿ ಬಿಡಿ, ಕೆಲಸ ಬೇಗ ಶುರುವಾಗುತ್ತದೆ. ನದಿಯಿಲ್ಲದ ಊರು ನಮ್ಮದು, ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರು ಫ್ಲಶ್‌ಗೆ ಕೈಬಿಗಿ ಹಿಡಿಯುವುದು ಸಹಜ. ಆದರೆ ನೀರು ಸಾಲದೆ ಪೈಪಿನಲ್ಲೇ ಮಲ ನಿಂತರೆ ನಾತ ತಪ್ಪುವುದಿಲ್ಲ. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಕಕ್ಕಸಿಗೆ ಹಾಕಿ.

ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿ. ತುಂಬಿ ಉಕ್ಕುವವರೆಗೆ ಕಾಯಬೇಡಿ. ಗಾಡಿಯ ಪೈಪು ತಲುಪದು ಎಂದು ಯಾರನ್ನಾದರೂ ಒಳಗೆ ಇಳಿಸುವ ಮಾತು ಬಂದರೆ, ಕೆಲಸವನ್ನೇ ನಿಲ್ಲಿಸಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುವುದರಿಂದ ವಾಸನೆಯಿಲ್ಲ ಎಂದು ಇಳಿದವನು ಮೇಲೆ ಬರುವುದಿಲ್ಲ. ಮೀಥೇನ್‌ಗೆ ವಾಸನೆಯೇ ಇಲ್ಲ. ಅದು ಹೊತ್ತಿಕೊಳ್ಳುವ ಅನಿಲ, ಮುಚ್ಚಳ ತೆರೆದಾಗ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಮಲ ಬಾಚುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆಯೂ ಇಂಥ ಅಪಾಯದ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು ನಿಷೇಧಿಸಿದೆ. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಹುಟ್ಟಿದವರು. ಆ ನೆಲದವರಾದ ನಾವು ಇದನ್ನು ಮರೆಯುವುದೆಂದರೆ ನನಗೆ ಸಹಿಸಲಾಗುವುದಿಲ್ಲ. ಗಾಡಿಯವನು ಎಲ್ಲಿ ಸುರಿಯುತ್ತಾನೆ ಎಂದೂ ಕೇಳಿ. ಕೆರೆಯಂಗಳ ಎಂದರೆ ಒಪ್ಪಬೇಡಿ. ಪಕ್ಕದ ದೇವನಹಳ್ಳಿಯಲ್ಲಿ 2015ರಿಂದಲೇ ಇಂಥ ಮಲವನ್ನು ಸಂಸ್ಕರಿಸುವ ಘಟಕವಿದೆ. ನಮ್ಮ ಊರುಗಳೂ ನಗರಸಭೆಯನ್ನು ಕೇಳಿ ಪಡೆಯಬೇಕಾದ್ದು ಅದು.

ಈಗ ಹುಡುಗರು ಟೆಂಪೊ ಟ್ರಾವೆಲರನ್ನೇ ಮನೆ ಮಾಡಿಕೊಂಡು ಪ್ರವಾಸ ಹೊರಡುತ್ತಾರೆ. ಅದರ ಕಕ್ಕಸಿಗೂ ಒಂದು ಟ್ಯಾಂಕ್ ಇದೆ, ಆದರೆ ಅದು ಜೀರ್ಣ ಮಾಡುವ ಟ್ಯಾಂಕ್ ಅಲ್ಲ, ಬರೀ ಹಿಡಿದಿಡುವುದು. ಹೊರಡುವ ಮೊದಲೇ ತಳ ಮುಚ್ಚುವಷ್ಟು ನೀರು ಹಾಕಬೇಕು. ಹೊರಗಿನ ವಾಲ್ವ್ ಸದಾ ಮುಚ್ಚಿರಲಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಮಲ ಗುಡ್ಡೆ ಕಟ್ಟುತ್ತದೆ, ಆಮೇಲೆ ಯಾವ ಔಷಧಿಯೂ ನಾಟುವುದಿಲ್ಲ. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಗೇ ಬಿಟ್ಟರೆ ರಭಸಕ್ಕೆ ಒಳಗೆಲ್ಲ ತೊಳೆದುಹೋಗುತ್ತದೆ. ಫ್ಲಶ್ ಮಾಡುವಾಗ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿ. ಇಲ್ಲವಾದರೆ ಟ್ಯಾಂಕಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದಷ್ಟೂ ನಾತ ಹೆಚ್ಚು, ನೆರಳು ಹುಡುಕಿ. ನಾತ ತಡೆಯಲೆಂದು ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುವ ದ್ರವ ಹಾಕಬೇಡಿ. ಊರಿಗೆ ಬಂದು ಅದನ್ನು ಮನೆಯ ಚೇಂಬರಿಗೇ ಬಿಡುವುದಾದರೆ, ಸೆಪ್ಟಿಕ್ ಟ್ಯಾಂಕಿನ ಜೀವಾಣುಗಳಿಗೂ ಅದು ವಿಷ. ಬಿಟ್ಟ ಮೇಲೆ ಎರಡು ಬಕೆಟ್ ನೀರಿನಿಂದ ಟ್ಯಾಂಕ್ ತೊಳೆದು, ವಾಲ್ವ್ ಮುಚ್ಚಿ, ಮತ್ತೆ ಸ್ವಲ್ಪ ನೀರು ನಿಲ್ಲಿಸಿ ಗಾಡಿಯನ್ನು ಷೆಡ್ಡಿಗೆ ಹಾಕಿ.